ಮುಚ್ಚಿದ ಕಿಟಕಿಯ ಕವಿತೆ

ನನ್ನ ಕವಿತೆಯಲ್ಲಿ ನಾನು ಬರೆದದ್ದು ಕೊನೆಯ ಸಾಲನ್ನು ಮಾತ್ರ. ಉಳಿದದ್ದೆಲ್ಲ ಮುಚ್ಚಿಹೋದ ಕಚೇರಿಯೊಂದರ ತಗಡಿನ ಫಲಕಗಳು. ದೊಡ್ಡಮ್ಮ ಗುಜರಿಯವನ ಹತ್ತಿರ ಚೌಕಾಸಿ ಮಾಡಿ ತಂದುಕೊಟ್ಟದ್ದು: ‘ಸರದಿಯಲ್ಲಿ ನಿಲ್ಲಿ’, ‘ಮೌನವಾಗಿರಿ’, ‘ಸ್ವಲ್ಪ ಕಾಯಿರಿ’. ಅವನ್ನು ಗ್ಯಾಲರಿಯ ಉದ್ದ ಗೋಡೆಗೆ ಹೊಡೆದು, ತುದಿಯಲ್ಲಿ ಅದೇ ಕಚೇರಿಯ ಮರದ ಕಿಟಕಿಯನ್ನು ಕೂರಿಸಿದ್ದೆ. ನನ್ನ ಮಾತು ಅದರ ಬಾಗಿಲ ಹಿಂದಿತ್ತು. ಯಾರಾದರೂ ತೆರೆದರೆ ಮಾತ್ರ ಕವಿತೆ ಮುಗಿಯುತ್ತಿತ್ತು.

ಯಾರೂ ತೆರೆಯಲಿಲ್ಲ. ಬಂದವರು ಓದಿ, ಕಿಟಕಿಯ ಮುಂದೆ ಒಂದು ಗಳಿಗೆ ನಿಂತು, ಗಂಭೀರವಾಗಿ ತಲೆಯಾಡಿಸಿ ಪಕ್ಕದ ಕೋಣೆಗೆ ಹೋಗುತ್ತಿದ್ದರು. ನಾನು ಮೂಲೆಯ ಕುರ್ಚಿಯಲ್ಲಿ ಉಗುರು ಕಚ್ಚುತ್ತಿದ್ದೆ. ‘ತೆಗೆದು ನೋಡಿ’ ಅನ್ನುವಷ್ಟೂ ಬಾಯಿ ಬರಲಿಲ್ಲ.

ಗ್ಯಾಲರಿಯ ಮೇಡಂಗೆ ತಾಳ್ಮೆ ಮುಗಿದಿತ್ತು. “ಯಾರ ತಲೆಗೂ ಹೋಗ್ತಿಲ್ಲ ಕಣಮ್ಮ. ನೀನಾದ್ರೂ ವಿವರಿಸು, ಇಲ್ಲಾಂದ್ರೆ ಸಂಜೆ ಇದನ್ನ ಅಂಟಿಸ್ತೀನಿ,” ಎಂದು ಅಚ್ಚಾದ ಕಾರ್ಡೊಂದನ್ನು ತೋರಿಸಿದರು. ‘ಆಧುನಿಕೋತ್ತರ ನೆಲೆಯಲ್ಲಿ ಪ್ರಭುತ್ವ ಭಾಷೆಯ ವಿಘಟನೆ’. ಇದನ್ನೇ ಓದಿ ಡಿಗ್ರಿ ತಗೊಂಡ ನನಗೇ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಅಂಟಿದರೆ ಜನ ಕಾರ್ಡು ಓದಿಕೊಂಡು ಹೊರಟುಬಿಡುತ್ತಾರೆ. ಕಿಟಕಿಯನ್ನು ಕೇಳುವವರಿರುವುದಿಲ್ಲ.

ಸಂಜೆ ದಪ್ಪ ಕನ್ನಡಕದ ಹಿರಿಯರೊಬ್ಬರು ಬಂದು ಕಿಟಕಿಯ ಮುಂದೆ ನಿಂತವರು ಕದಲಲೇ ಇಲ್ಲ. ಅವರ ಹಿಂದೆ ಒಬ್ಬಾಕೆ ನಿಂತಳು, ಅವಳ ಹಿಂದೆ ಮತ್ತಿಬ್ಬರು. ನೋಡುತ್ತಿದ್ದಂತೆ ಬಾಗಿಲವರೆಗೂ ಕ್ಯೂ! ಅಷ್ಟರಲ್ಲಿ ದೊಡ್ಡಮ್ಮ ಬಂದಳು.

“ಯಾತಕ್ಕೆ ಇಷ್ಟುದ್ದ ಕ್ಯೂ?”

“ಗೊತ್ತಿಲ್ಲಮ್ಮ, ನಾನೂ ಈಗ ಬಂದೆ. ಮುಂದಿನವರನ್ನ ಕೇಳಿ.”

ದೊಡ್ಡಮ್ಮ ಕ್ಯೂ ಬಿಟ್ಟು ಮುಂದಕ್ಕೇ ಹೋಗಿ ಕೇಳಿದಳು. ಕನ್ನಡಕದವರು ತಿರುಗಿದರು. “ಶ್! ಕಾಯಿರಿ ಅಂದಿದ್ದಾರೆ. ಕಾಯ್ತಿದೀನಿ.”

“ಯಾರು ಅಂದಿದ್ದು?”

ಅವರು ಫಲಕದ ಕಡೆ ಬೆರಳು ತೋರಿಸಿದರು.

“ಕಾಯ್ತಾ ಇರಿ, ತಲೆ ಮೇಲೆ ಗುಬ್ಬಿ ಗೂಡು ಕಟ್ಟಲಿ.” ದೊಡ್ಡಮ್ಮ ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಿಟಕಿಗೇ ಕೈಹಾಕಿದಳು.

“ಅಮ್ಮಾ, ಮುಟ್ಟಬಾರದು ಅಂತ ಬೋರ್ಡಿದೆ!” ಕನ್ನಡಕದವರು ಅಡ್ಡ ಬಂದರು.

“ಅದು ನಾನು ತಂದಿದ್ದಲ್ಲ. ನನ್ನವೆಲ್ಲ ತುಕ್ಕು ಹಿಡಿದಿದ್ವು. ಇದು ಥಳಥಳ ಪ್ಲಾಸ್ಟಿಕ್ಕು.”

ಆಗ ನಾನೂ ನೋಡಿದೆ. ಪ್ರತಿ ಕಲಾಕೃತಿಯ ಪಕ್ಕ ತಗುಲಿಸುವ ‘ಮುಟ್ಟಬಾರದು’ ಫಲಕವನ್ನು ಗ್ಯಾಲರಿಯವರು ಅಭ್ಯಾಸಬಲದಿಂದ ನನ್ನ ಕಿಟಕಿಯ ಕೆಳಗೂ ತಗುಲಿಸಿದ್ದರು. ದಿನಾ ಕಣ್ಣೆದುರೇ ಇದ್ದರೂ ಅದನ್ನು ನನ್ನ ಫಲಕಗಳಲ್ಲೇ ಒಂದು ಅಂದುಕೊಂಡಿದ್ದೆ!

ಬಾಗಿಲು ಕಿರ್ರೆಂದಿತು. ಹಿಂದಿನ ಬಿಳಿ ಗೋಡೆಯ ಮೇಲೆ ನನ್ನ ಕೈಬರಹ: ‘ಒಳಗೆ ಯಾರೂ ಇಲ್ಲ. ಇನ್ನು ನೀವೇ ಮಾತಾಡಿ.’

ಮೊದಲು ನಕ್ಕವರು ಕನ್ನಡಕದವರೇ. “ನಾನು ಮೂವತ್ತು ವರ್ಷ ಇಂಥ ಕಿಟಕಿಯ ಆಚೆ ಕೂತಿದ್ದವನು ಕಣ್ರೀ. ಬಾಯಿ ನೋಯುತ್ತೆ ಅಂತ ಬೋರ್ಡು ತೋರಿಸ್ತಿದ್ದೆ. ಇವತ್ತು ಈಚೆ ನಿಂತೆ.” ಹಿಂದಿನಾಕೆ, “ನಿಮ್ಮಂಥವರಿಂದಲೇ ನನ್ನ ಚಪ್ಪಲಿ ಸವೆದಿದ್ದು,” ಎಂದಳು. ಕೋಣೆ ತುಂಬ ಮಾತೋ ಮಾತು.

ಗದ್ದಲಕ್ಕೆ ಓಡಿ ಬಂದ ಮೇಡಂ ಪ್ಲಾಸ್ಟಿಕ್ ಫಲಕ ಕಂಡು ಪೆಚ್ಚಾದರು. “ಅಯ್ಯೋ, ನಮ್ಮದೇ ಎಡವಟ್ಟು. ಕೀಳಿಸ್ತೀನಿ.”

“ಬೇಡ ಮೇಡಂ.” ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಬಂತು ನನ್ನ ದನಿ. “ಅದೂ ಕವಿತೆಯಲ್ಲೇ ಇರಲಿ. ಆ ಕಾರ್ಡು ಮಾತ್ರ ಬೇಡ.”

ಮೇಡಂ ಒಮ್ಮೆ ಕ್ಯೂ ನೋಡಿದರು, ಒಮ್ಮೆ ನನ್ನನ್ನು. ಕಾರ್ಡನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

“ಅಂತೂ ಬಾಯಿ ಬಿಟ್ಟೆಯಲ್ಲೇ,” ಎಂದ ದೊಡ್ಡಮ್ಮ ಕಿಟಕಿಯನ್ನು ಮತ್ತೆ ಮುಚ್ಚಿ, ಪಕ್ಕಕ್ಕೆ ಸರಿದು ಕೂಗಿದಳು: “ಹೂಂ, ಮುಂದಿನವರು ಬನ್ನಿ. ನೀವೇ ತೆಗೀಬೇಕು, ಆಯ್ತಾ?”