ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ

ಹಂಗಳದ ಶಾಂತಿ ಹದಿನೇಳು ವರ್ಷ ಬೇರೆಯವರ ಚೆಂಡುಹೂವಿನ ಹೊಲದಲ್ಲಿ ಕೂಲಿಗೆ ಕಳೆ ಕಿತ್ತವಳು. ಈ ವರ್ಷ ಗುರುಮಲ್ಲಮ್ಮನ ಅರ್ಧ ಎಕರೆಯನ್ನು ಗುತ್ತಿಗೆಗೆ ಹಿಡಿದಳು. ಗುರುಮಲ್ಲಮ್ಮನಿಗೆ ಮಂಡಿನೋವು, ಹೊಲಕ್ಕೆ ಇಳಿಯಲು ಆಗುತ್ತಿರಲಿಲ್ಲ. ಅಲ್ಲಿ ಏನು ಬೆಳೆಯಬೇಕೆಂಬ ಬಗ್ಗೆ ಶಾಂತಿಗೆ ಅನುಮಾನವಿರಲಿಲ್ಲ. ಅವಳ ಗಂಡ ಶಿವರಾಮುವಿಗೂ ಇರಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲಿದ್ದ ಹೂವು ಬೇರೆ ಬೇರೆ.

“ಸೂರ್ಯಕಾಂತಿ ಆಕನ ಕಣಮ್ಮಿ,” ಎಂದ ಶಿವರಾಮು. “ಊಟಿಗೋಗೋ ಕಾರೆಲ್ಲ ನಿಲ್ಲುಸ್ತರೆ. ಫೋಟೊ ತಗಿಯಕ್ಕೆ ತಲೆಗಿಷ್ಟು ಅಂತ ಇಸ್ಕಬೋದು. ನಾನು ಬದಿನ ಮ್ಯಾಲೆ ಚೇರಾಕ್ಕಂಡು ಕೂತ್ಕತೀನಿ.”

“ಈ ಒಲ ರಸ್ತೆಗೆ ಕಾಣಕಿಲ್ಲ.”

ಶಿವರಾಮು ಇದನ್ನು ಯೋಚಿಸಿರಲಿಲ್ಲ. “ಬೋರ್ಡ್ ಬರ್ಸನ ಬುಡು,” ಎಂದ.

ಕೇರಳದ ಓಣಂ ಹಬ್ಬದ ವ್ಯಾಪಾರಕ್ಕೆ ಹಳದಿ ಚೆಂಡುಹೂವೇ ಸರಿ ಎಂದು ಶಾಂತಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಬೀಜದಂಗಡಿಯ ಮಲ್ಲಿಕಾರ್ಜುನಸ್ವಾಮಿ ಮೂರು ಬಗೆಯ ಪ್ಯಾಕೆಟ್ ತೆಗೆದು ಮುಂದಿಟ್ಟ. ಮೂರರ ಮೇಲೂ ತಟ್ಟೆಯಗಲದ ಹೂವು, ಪಕ್ಕದಲ್ಲಿ ನಗುವ ರೈತ. ಮೂರರಲ್ಲೂ ಅದೇ ರೈತ.

“ಯಾವ್ದು ಚೆನ್ನಾಗಿ ಉಟ್ತದೆ ಸಾ?”

“ಎಲ್ಲಾನೂ ಉಟ್ತದೆ. ಯಜಮಾನ್ರು ಬರ್ಲಿಲ್ವಾ?”

“ಅವ್ರು ಬೋರ್ಡ್ ಬರ್ಸಕ್ಕೆ ಓಗವ್ರೆ. ಇದ್ರಲ್ಲಿ ಅತ್ತು ಬೀಜ ಕೊಡಿ, ನೋಡ್ಕಂಡು ಬತ್ತೀನಿ.”

ಅಂಗಡಿ ತುಂಬ ಜನವಿದ್ದರು. ಅವಳನ್ನು ಬೇಗ ಕಳಿಸಿದರೆ ಸಾಕೆಂದು ಅವನು ಒಡೆದ ಪ್ಯಾಕೆಟ್ಟಿನಿಂದ ಹತ್ತು ಬೀಜ ಎಣಿಸಿ ಕಾಗದದಲ್ಲಿ ಮಡಚಿ ಕೊಟ್ಟ.

ಶಾಂತಿ ಅವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಪಕ್ಕ ಇಟ್ಟಳು. ಐದನೆಯ ದಿನ ಬಿಚ್ಚಿದಾಗ ಮೂರು ಮೊಳೆತಿದ್ದವು. ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ ಅಂಗಡಿಯ ಗಾಜಿನ ಮೇಜಿನ ಮೇಲೆ ಹರಡಿದಳು. ಬೀಜ ಕೊಳ್ಳಲು ಬಂದಿದ್ದ ಭೀಮನಬೀಡಿನ ಸಿದ್ದಯ್ಯ ಅದೇ ಬಗೆಯ ಪ್ಯಾಕೆಟ್ ಹಿಡಿದು ನಿಂತಿದ್ದ. ಬಗ್ಗಿ ನೋಡಿ, ಪ್ಯಾಕೆಟ್ಟನ್ನು ಇದ್ದಲ್ಲೇ ಮೆಲ್ಲಗೆ ಇಟ್ಟ.

“ನೀರು ಜಾಸ್ತಿ ಆಗಿರ್ತದೆ ಕಣಮ್ಮ,” ಎಂದ ಮಲ್ಲಿಕಾರ್ಜುನಸ್ವಾಮಿ.

“ಈ ಮೂರಕ್ಕೆ ಸರ್ಯಾಗಿತ್ತು. ಆ ಇನ್ನೊಂದರಲ್ಲೂ ಅತ್ತು ಕೊಡಿ.”

ಎರಡನೆಯದರಲ್ಲಿ ಐದು ಮೊಳೆತವು. ಅಷ್ಟರಲ್ಲಿ ಊರಿನವರೆಲ್ಲ ಸಸಿ ಬೆಳೆಸುವ ಪಾತಿ, ಒಟ್ಲು ಹಾಕಿ ಮುಗಿಸಿದ್ದರು. ನಲ್ಲಿಯ ಹತ್ತಿರ ಚಿಕ್ಕಮಲ್ಲಮ್ಮ ಕೇಳಿದಳು: “ಏನಮ್ಮಿ, ಬೀಜಕ್ಕೆ ಎರಿಗೆ ಮಾಡುಸ್ತಿದ್ದೀಯಂತೆ?”

“ಊ ಕಣಕ್ಕ, ಅರ್ಧಕ್ಕರ್ಧ ಓಯ್ತು,” ಎಂದು ಶಾಂತಿ ಕೊಡ ತುಂಬಿಕೊಂಡು ಬಂದಳು. ದಾರಿಯಲ್ಲಿ ಮಾತ್ರ ಅವಳಿಗೆ ಹೆದರಿಕೆಯಾಯಿತು. ಓಣಂ ತನಗಾಗಿ ಕಾಯುವುದಿಲ್ಲ ಎಂದು ಗೊತ್ತಿತ್ತು.

ಮೂರನೆಯದರಲ್ಲಿ ಒಂಬತ್ತು ಮೊಳೆತವು. ಮೂರರಲ್ಲಿ ಅದೊಂದೇ ಕೇಸರಿ ಬಣ್ಣದ ಹೂವಿನ ಬೀಜ.

“ನಿಮ್ಗೆ ಅಳದಿ ಬೇಕು ಅಂದ್ರಲ್ಲ?” ಎಂದ ಮಲ್ಲಿಕಾರ್ಜುನಸ್ವಾಮಿ.

“ಅಳದಿಗೆ ನಾನು ಬೇಕಾಗಿಲ್ವಲ್ಲ ಸಾ.”

ಅವನು ನಗಲಿಲ್ಲ. ಪ್ಯಾಕೆಟ್ ಕಟ್ಟಿಕೊಟ್ಟು, “ಉಳಿದ ಒಂದ್ಯಾಕೆ ಉಟ್ಟಲಿಲ್ಲ?” ಎಂದು ಕೇಳಿದ. ಅದನ್ನು ಇರುವೆ ಎಳೆದುಕೊಂಡು ಹೋಗಿತ್ತು. ಶಾಂತಿ ಇದ್ದದ್ದನ್ನು ಹೇಳಿದಳು.

ಅವಳ ಸಸಿಗಳು ಊರಿನವರದಕ್ಕಿಂತ ಹನ್ನೆರಡು ದಿನ ಹಿಂದೆ ಬಿದ್ದವು. ಕೆಲವರ ಒಟ್ಲುಗಳಲ್ಲಿ ಅಂಗೈಯಗಲದ ಖಾಲಿ ಜಾಗಗಳಿದ್ದವು. ಅವರು ಮತ್ತೆ ಬೀಜ ತಂದು ಚೆಲ್ಲಿದರು. ಶಾಂತಿಗೆ ನಾಟಿಯ ಕೆಲಸವಿತ್ತು.

ಓಣಂನ ಮೊದಲ ಐದು ದಿನದ ವ್ಯಾಪಾರ ಅವಳಿಗೆ ಸಿಗಲಿಲ್ಲ. ಮೊಗ್ಗುಗಳು ಮುಷ್ಟಿ ಬಿಗಿದುಕೊಂಡೇ ಇದ್ದವು. ಶಿವರಾಮು ದಿನಕ್ಕೆರಡು ಸಲ ಹೋಗಿ ಅವುಗಳನ್ನು ದಿಟ್ಟಿಸಿ ಬರುತ್ತಿದ್ದ. ಆರನೆಯ ದಿನ ಹೊಲ ಅರಳಿತು. ಕೇರಳದ ವ್ಯಾನಿನವನು ಒಂದು ಹೂವು ಕಿತ್ತು, ಹಿಂದೆ ಮುಂದೆ ತಿರುಗಿಸಿ, “ಕೊಳ್ಳಾಂ,” ಎಂದ. ಚೆನ್ನಾಗಿದೆ ಎಂದು ಅರ್ಥ. ಇರುವಷ್ಟನ್ನೂ ಬಿಡಿಸಲು ಹೇಳಿದ.

ಇಬ್ಬರೂ ಬಿಡಿಸುತ್ತ ಹೋದರು. ಬಿಸಿಲು ಇಳಿದಾಗ ಶಿವರಾಮು ಸೊಂಟ ಹಿಡಿದು ನೆಟ್ಟಗಾದ.

“ಗಂಟೆ ಐದಾಯ್ತು ಕಣಮ್ಮಿ. ಕೂಲಿಯೋರು ಬುಡೋ ಒತ್ತು.”

“ಬುಡ್ಲಿ,” ಎಂದು ಶಾಂತಿ ಮುಂದಿನ ಸಾಲಿಗೆ ದಾಟಿದಳು.