ಆರತಿ ತಟ್ಟೆಯಲ್ಲಿ ಬಿಟ್‌ಕಾಯಿನ್

ಸುಹಾಸಿನಿಗೆ ಖಾನಾಪುರದಲ್ಲಿ ಒಂದು ಬಾಡಿಗೆ ಖೋಲಿ ಬೇಕಿತ್ತು. ಮಗಳನ್ನು ಕರೆದುಕೊಂಡು ಹೋಗಿ ಅಲ್ಲೇ ಇದ್ದುಬಿಡಬೇಕು. ರವಿವಾರ ಪೇಟೆಯ ಮನೆಯಲ್ಲಿ ಬಳೆ ಕೊಳ್ಳಲೂ ಗಂಡನನ್ನು ಕೇಳುವ ಬಾಳು ಸಾಕಾಗಿತ್ತು. ಗಂಡ ವೃಷಭ ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ಮನೆಯ ಪ್ರತಿ ಪೈಸೆ ಅವನ ಕಣ್ಣ ಮುಂದೆ ಹಾಯಬೇಕು, ಅಷ್ಟೆ.

ಪರದೇಶದ ಕಂಪನಿಗೆ ಅವಳು ಕಸೂತಿ ನಕ್ಷೆ ಬರೆದುಕೊಡುತ್ತಿದ್ದಳು. ಆ ಪಗಾರ ಬ್ಯಾಂಕಿಗೆ ಬಂದರೆ ಮೆಸೇಜು ವೃಷಭನ ಫೋನಿಗೆ. ಬಿಟ್‌ಕಾಯಿನ್ ಎಕ್ಸ್‌ಚೇಂಜ್ ಆ್ಯಪಿಗೆ ಬಂದರೆ ಪ್ಯಾನ್ ನಂಬರು ಕೊಡಬೇಕು, ಅಂದರೆ ಗಂಡನ ಅಂಗಡಿಯ ತೆರಿಗೆ ನೋಡುವವನ ಕಣ್ಣಿಗೆ ಬೀಳುತ್ತದೆ. ಖಾನಾಪುರ ಬಸ್ ಸ್ಟ್ಯಾಂಡ್ ಬಳಿ ಆನ್‌ಲೈನ್ ಸೆಂಟರ್ ಇಟ್ಟಿರುವ ಗೆಳತಿ ಮನಿಷಾ ತಿಳಿಸಿ ಹೇಳಿದ್ದಳು: ಮೊನೆರೊ ಎಂಬ ಡಿಜಿಟಲ್ ಹಣವಾದರೆ ಯಾರು ಯಾರಿಗೆ ಕೊಟ್ಟರೆಂಬುದೇ ಕಾಣದು, ಆದರೆ ಕಂಪನಿ ಅದನ್ನು ಕೊಡದು, ಬಿಟ್‌ಕಾಯಿನ್ ಕೊಡುತ್ತದೆ. ಬಿಟ್‌ಕಾಯಿನ್‌ಗೆ ಹೆಸರಿಲ್ಲ, ಲೆಕ್ಕ ಮಾತ್ರ ಯಾರು ಬೇಕಾದರೂ ನೋಡುವಂತೆ ಬಯಲಲ್ಲೇ ಬಿದ್ದಿರುತ್ತದೆ. ಹಣ ಬೀಳುವ ವಿಳಾಸ ಯಾರದೆಂದು ಗೊತ್ತಾಯಿತೋ, ಮುಗಿಯಿತು. ಪ್ರತಿ ಸಲವೂ ಹೊಸ ವಿಳಾಸ ಕೊಡು ಎಂದಿದ್ದಳು. ಸುಹಾಸಿನಿ ಪೇಟೆಯವಳು. ಅಂಗಡಿಯ ಗಾಜಿಗೆ ಒಂದೇ ಕ್ಯೂಆರ್ ವರ್ಷಗಟ್ಟಲೆ ಅಂಟಿರುವುದನ್ನು ಕಂಡವಳು, ಪಗಾರಕ್ಕೆ ತಾನೂ ಒಂದೇ ವಿಳಾಸವನ್ನು ಹಿಡಿದಳು.

ದೀಪಾವಳಿ ಪಾಡ್ಯಕ್ಕೆ ಗಂಡನಿಗೆ ಆರತಿ ಬೆಳಗಿದಾಗ, ಪ್ರತಿವರ್ಷವೂ ತಟ್ಟೆಗೆ ನೋಟು ಹಾಕುತ್ತಿದ್ದವನು ಈ ಸಲ ಫೋನ್ ತೆಗೆದ.

"ಬಿಟ್‌ಕಾಯಿನ್ ಹಾಕ್ತಿದ್ದೆ. ಇಸ್ಕೊಳ್ಳಾಕ ನಿನಗೆಲ್ಲಿ ಬರ್ತೈತಿ, ಬಿಡು."

ನಾದಿನಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ನಗೆ ತಡೆಯಲಾಗದೆ ಸುಹಾಸಿನಿ ತನ್ನ ಕ್ಯೂಆರ್ ತೆರೆದು, ಫೋನನ್ನೇ ತಟ್ಟೆಯಲ್ಲಿಟ್ಟಳು.

ಕಳಿಸಿದ್ದು ಮುಟ್ಟಿತೋ ಇಲ್ಲವೋ ನೋಡಲು ವೃಷಭ ಆ ವಿಳಾಸ ಒತ್ತಿದ. ಎರಡು ವರ್ಷದ ಜಮಾ ಸಾಲಾಗಿ ಬಿಚ್ಚಿಕೊಂಡಿತು. ಅವನು ಸಿಟ್ಟಾಗಲಿಲ್ಲ. ಅದೇ ಫಜೀತಿ. ತಾಯಿಯ ಮುಂದೆ ಫೋನ್ ಹಿಡಿದ.

"ನೋಡವ್ವಾ, ನಿನ್ ಸೊಸಿ ಸದ್ದಿಲ್ದ ಗಂಟ್ ಮಾಡ್ಯಾಳ. ನಮ್ಮ ಗೋದಾಮಿನ ಮ್ಯಾಲ ಇನ್ನೊಂದ ಮಜಲಾ ಎಬ್ಬಸೂಣು."

ಅತ್ತೆ ಲಟಿಕೆ ಮುರಿದು ದೃಷ್ಟಿ ತೆಗೆದರು. ಸುಹಾಸಿನಿ ನಕ್ಕಂತೆ ಮಾಡಿ ಮಾಳಿಗೆಗೆ ಹೋಗಿ ಮನಿಷಾಗೆ ಫೋನ್ ಹಚ್ಚಿದಳು. ಹಣವನ್ನು ಬೇರೆ ವಿಳಾಸಕ್ಕೆ ದಾಟಿಸಿದರೆ ದಾಟಿಸಿದ್ದು ಗಂಡನಿಗೆ ಕಾಣುತ್ತದೆ. ಮೊನೆರೊ ಮಾಡಿಸಿದರೆ ಎಲ್ಲಿ ಹೋಯಿತೆಂದು ಕಾಣದು, ಹೋದದ್ದಂತೂ ಕಾಣುತ್ತದೆ. ಹಾಗಾದರೆ ಮುಂದಿನ ಪಗಾರವನ್ನಾದರೂ ಹೊಸದಕ್ಕೆ ತರಿಸು ಎಂದಳು ಮನಿಷಾ.

"ಇದಕ್ಕ ಬೀಳಲಿಲ್ಲಂದ್ರ, ಯಾಕ ಬೀಳಲಿಲ್ಲ ಅಂತಾರವಾ."

ಮನಿಷಾ ಕೇಳಿದಳು: "ಖೋಲಿ ಮಾಲೀಕ ಕೇಳಾಕತ್ತಾನ. ಏನ್ ಹೇಳ್ಲಿ?"

"ಬ್ಯಾರೆದವ್ರಿಗೆ ಕೊಡಂತ ಹೇಳು."

ಮುಂದಿನ ತಿಂಗಳು ಅವಳು ರೊಟ್ಟಿ ಬಡಿಯುತ್ತಿದ್ದಾಗ ಅಂಗಡಿಯಿಂದ ವೃಷಭ ಫೋನ್ ಮಾಡಿದ. ನಿನ್ನ ಪಗಾರ ಬಂತು ನೋಡು ಎಂದ. ಅವಳಿನ್ನೂ ನೋಡಿರಲಿಲ್ಲ.