ಪಟ್ಟಿ ಇದ್ದರೆ ಕಳಿಸು

ಒಣಗಿದ ಬಟ್ಟೆಗಳನ್ನು ಮಡಚಿ ಒಬ್ಬೊಬ್ಬರ ಬುಟ್ಟಿಗೆ ಹಾಕುತ್ತಿದ್ದಾಗ ಸೊಸೆಗೆ ಫೋನ್ ಬಂತು. ರಕ್ತನಿಧಿಯ ನರ್ಸ್.

"ಅಕ್ಕಾ, ಏನು ಮಾಡಿಟ್ಟಿದೀರ? ಇಲ್ಲಿ ಮೂವತ್ತು ಜನ ತೋಳು ಮಡಚ್ಕೊಂಡು ಕೂತಿದಾರೆ. ತುರ್ತಾಗಿ ರಕ್ತ ಬೇಕು ಅಂತ ಎಲ್ರಿಗೂ ಮೆಸೇಜ್ ಹೋಗಿದೆ. ಬೇಕು ಅಂದ ರೋಗಿ ಒಬ್ರೂ ಇಲ್ಲ!"

"ಒಬ್ರೂ ಇಲ್ವಾ?"

"ಇಲ್ಲ. ಎರಡು ಬಸ್ ಹತ್ತಿ ಇಳಿದು ಬಂದೋರೊಬ್ರು ನನ್ನನ್ನೇ ನುಂಗೋ ಹಾಗೆ ನೋಡ್ತಿದಾರೆ. ಒಂಬತ್ತಕ್ಕೆ ಮತ್ತೆ ಮೆಸೇಜ್ ಹೋಗತ್ತೆ. ಇನ್ನೊಂದ್ಸಲ ಹೀಗಾದ್ರೆ, ನಿಜವಾಗಿ ಬೇಕಾದಾಗ ಯಾರೂ ಬರಲ್ಲ."

"ಮೆಸೇಜ್ ಕಳಿಸೋ ಪ್ರೋಗ್ರಾಮ್ ನಿಲ್ಸಿಬಿಡ್ಲಾ?"

"ಹೆರಿಗೆ ವಾರ್ಡಿಂದ ಯಾವ ಗಳಿಗೇಲಿ ಕೇಳ್ತಾರೋ! ನಿಲ್ಸಬೇಡಿ, ಸರಿ ಮಾಡಿ."

ಆ ಪ್ರೋಗ್ರಾಮನ್ನು ಇಪ್ಪತ್ತು ವರ್ಷದ ಹಿಂದೆ ಕಾಮನ್ ಲಿಸ್ಪ್‌ನಲ್ಲಿ ಬರೆದವರು ಅತ್ತೆ. ಕಳೆದ ವಾರ ಹಳೆಯ ಯಂತ್ರ ಕೆಟ್ಟು ಕೂತಾಗ ಸೊಸೆ ಅದನ್ನು ಸ್ಕೀಮ್‌ಗೆ ತಂದಿದ್ದಳು. ಎರಡೂ ಲಿಸ್ಪ್ ಎಂಬ ಒಂದೇ ಮನೆತನದ ಕಂಪ್ಯೂಟರ್ ಉಪಭಾಷೆಗಳು. ಅದೇ ಕಂಸಗಳು, ಅದೇ ನಡಿಗೆ. "ಮನೆತನ ಒಂದೇ ಆದ್ರೂ ರೀತಿ ಬೇರೆ ಕಣಮ್ಮ, ಒಂದ್ಸಲ ಕೂತು ನೋಡೋಣ" ಎಂದು ಅತ್ತೆ ಊಟದ ಹೊತ್ತಿನಲ್ಲಿ ಅಂದಿದ್ದರು. ಸೊಸೆ ನಕ್ಕುಬಿಟ್ಟಿದ್ದಳು. ಅತ್ತೆ ಮತ್ತೆ ಆ ಮಾತೆತ್ತಿರಲಿಲ್ಲ.

ಬಟ್ಟೆಯ ರಾಶಿ ಸರಿಸಿ ಲ್ಯಾಪ್‌ಟಾಪ್ ತೆರೆದಳು. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ರಕ್ತ ಬೇಕೆಂದವರ ಪಟ್ಟಿ ಇದ್ದರೆ ಮೆಸೇಜ್ ಕಳಿಸು: ಎರಡರಲ್ಲೂ ಅಕ್ಷರ ಬಿಡದೆ ಅದೇ ಸಾಲು.

ಎಂಟು ವರ್ಷದ ಮಗಳು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಿದ್ದಳು. "ಅಜ್ಜೀನ ಕೇಳಮ್ಮ."

"ಸುಮ್ನಿರೇ."

"ಬೈತಾರಾ?"

"ಬೈದ್ರೆ ಪರವಾಗಿಲ್ಲ. ಬೈಯಲ್ಲ, ಅದೇ ಕಷ್ಟ."

ಅಪ್ಪ ಈ ವಾರ ಊರಲ್ಲಿರಲಿಲ್ಲ. ಮಗಳು ಅವನ ಖಾಲಿ ಬುಟ್ಟಿಯನ್ನು ಎತ್ತಿಕೊಂಡಳು. "ಇದನ್ನೂ ಒಳಗಿಡ್ಲಾ?"

"ಅದರಲ್ಲೇನಿದೆ ಅಂತ ಇಡ್ತೀಯ?"

"ಬುಟ್ಟಿ ಇದೆಯಲ್ಲ!"

ತಾಯಿಯ ಬೆರಳು ಕೀಲಿಯ ಮೇಲೆಯೇ ನಿಂತಿತು. ಮಗಳು ಬಗ್ಗಿ ಪರದೆ ನೋಡಿದಳು. "ಈ ಪಟ್ಟೀಲಿ ಈಗ ಎಷ್ಟು ಜನ ಇದಾರೆ?"

"ಯಾರೂ ಇಲ್ಲ."

"ಆದ್ರೂ ಪಟ್ಟಿ ಇದೆ?"

ತಾಯಿ ಎದ್ದಳು. ಎಂಟು ಮುಕ್ಕಾಲು.

ಬಚ್ಚಲುಮನೆಯ ಕನ್ನಡಿಯ ಮುಂದೆ ಅತ್ತೆ ಕೂದಲಿಗೆ ಬಣ್ಣ ಹಚ್ಚುತ್ತಿದ್ದರು. ಅರ್ಧ ತಲೆ ಕಪ್ಪು, ಅರ್ಧ ಬಿಳಿ. "ಏನಮ್ಮಾ?"

"ಏನಿಲ್ಲ ಅತ್ತೆ... ಟವೆಲ್ ಬೇಕಿತ್ತಾ ಅಂತ."

"ಹೆಗಲ ಮೇಲೇ ಇದೆಯಲ್ಲ."

"ಹೌದಲ್ವಾ." ಅವಳು ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಕನ್ನಡಿಯಲ್ಲೇ ಸೊಸೆಯ ಮುಖ ನೋಡುತ್ತ ಕುಂಚವನ್ನು ಬಟ್ಟಲಿನ ಅಂಚಿಗೆ ಒರಗಿಸಿದರು. ಅಷ್ಟರಲ್ಲಿ ಮಗಳು ಅಮ್ಮನ ಸೊಂಟದ ಪಕ್ಕದಿಂದ ನುಸುಳಿ ಒಳಗೆ ಬಂದಳು.

"ಅಜ್ಜೀ, ಪಟ್ಟೀಲಿ ಯಾರೂ ಇಲ್ದಿದ್ರೆ ನಿನ್ನ ಭಾಷೇಲಿ 'ಇಲ್ಲ' ಅಂತ, ಅಮ್ಮನ ಭಾಷೇಲಿ 'ಇದೆ' ಅಂತಾನಾ? ಅದಕ್ಕೇ ಸುಮ್ಸುಮ್ನೆ ಮೆಸೇಜ್ ಹೋಗಿದ್ದಾ?"